ಕೆರೆ ಮತ್ತು ಅಳಿವೆ: ಹಿಮಯುಗಕ್ಕೆ ಕನ್ನಡನಾಡಿನ ಎರಡು ಸಾಕ್ಷಿಗಳು

೧

ನದಿಗಳ ಕಣಿವೆಗಳು ರೂಪುಗೊಂಡ ಬಗೆಯನ್ನು ವಿವರಿಸುವ ಗ್ರಂಥಗಳಲ್ಲಿ ಹಿಮಯುಗದ ಪ್ರಸ್ತಾಪವು ತಪ್ಪದೆ ಬರುತ್ತದೆ. ಉತ್ತರ ಅಮೆರಿಕದ ನಡುಭಾಗದಲ್ಲಿ ಹಿಮದ ಹಾಸು ಕರಗಿ ಹಿಂದಕ್ಕೆ ಸರಿದಾಗ ಅದರ ಅಂಚಿನಲ್ಲಿ ನಿಂತ ನೀರು ಒಂದು ಮಹಾಸರೋವರವಾಯಿತು. ಅದು ದಡವನ್ನು ಮೀರಿ ಹರಿದ ರಭಸಕ್ಕೆ ಇಂದಿನ ಮಿನ್ನೆಸೋಟ ನದಿಯ ಕಣಿವೆ ಕೊರೆಯಲ್ಪಟ್ಟಿತು. ಆ ನೀರು ಮಿಸಿಸಿಪ್ಪಿಯನ್ನು ಸೇರಿತು. ಈಗ ಅಲ್ಲಿ ಹರಿಯುವ ಸಣ್ಣ ನದಿಗೆ ಆ ಕಣಿವೆಯು ಅಳತೆಗೆ ಮೀರಿದ ಅಂಗಿಯಂತಿದೆ. ಆ ಪ್ರಾಚೀನ ಸರೋವರಕ್ಕೆ ಪಂಡಿತರು ಲೂಯಿ ಅಗಾಸಿಸ್‌ನ ಹೆಸರನ್ನಿಟ್ಟರು. ೧೮೩೭ರಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ನಗರದ ವಿದ್ವತ್ಸಭೆಯಲ್ಲಿ ಹಿಮಯುಗದ ವಾದವನ್ನು ಮಂಡಿಸಿದವನು ಆತನೇ.

ಇಂತಹ ಉದಾಹರಣೆಗಳನ್ನು ಓದಿದ ಕನ್ನಡ ವಿದ್ಯಾರ್ಥಿಯು ಹಿಮಯುಗವೆಂಬುದು ಪರದೇಶದ ಕಥೆ, ನಮ್ಮ ನಾಡಿನ ಪೂರ್ವೇತಿಹಾಸದಲ್ಲಿ ಅದಕ್ಕೆ ಸ್ಥಾನವಿಲ್ಲ ಎಂದು ತಿಳಿಯುವುದು ಸಹಜವೇ. ಇದಕ್ಕೆ ವಿರುದ್ಧವಾಗಿ, ಕರಾವಳಿಯ ಪುರಾಣಕಥೆಗಳಲ್ಲೆಲ್ಲ ಹಿಮಯುಗದ ನೆನಪನ್ನು ಹುಡುಕುವವರೂ ಉಂಟು. ಈ ಎರಡು ಮತಗಳೂ ಸಾಧುವಲ್ಲವೆಂಬುದೇ ಪ್ರಕೃತ ಲೇಖನದ ಅಭಿಪ್ರಾಯ. ಕನ್ನಡನಾಡಿನ ಮೇಲೆ ಹಿಮವು ಹರಿಯಲಿಲ್ಲ. ಆದರೆ ಅನ್ಯತ್ರ ಕರಗಿದ ಹಿಮವು ಈ ನಾಡಿನ ನದಿಗಳ ಕೊನೆಯನ್ನು ಮಾರ್ಪಡಿಸಿತು. ಮೊದಲನೆಯ ಮಾತಿಗೆ ಬೆಂಗಳೂರಿನ ಸೀಮೆಯ ಕೆರೆಗಳೂ ಎರಡನೆಯ ಮಾತಿಗೆ ಉತ್ತರ ಕನ್ನಡದ ಅಳಿವೆಗಳೂ ಸಾಕ್ಷಿಯಾಗಿವೆ. ಈ ಎರಡನ್ನೂ ಕ್ರಮವಾಗಿ ಪರಾಮರ್ಶಿಸೋಣ.

೨

ಮೊದಲು ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಸಾರಕ್ಕಿಯನ್ನು ತೆಗೆದುಕೊಳ್ಳಬಹುದು. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿರುವ ಈ ಪ್ರದೇಶವು ಎರಡು ನದಿಗಳ ನೀರು ಬೇರ್ಪಡುವ ದಿಣ್ಣೆಗೆ ಸೇರಿದುದು. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆಯು ವೃಷಭಾವತಿಯ ಮೂಲಕ ಅರ್ಕಾವತಿಗೂ, ಅಲ್ಲಿಂದ ಕಾವೇರಿಗೂ ಹೋಗುತ್ತದೆ. ಪೂರ್ವಕ್ಕೆ ಬಿದ್ದುದು ಬೆಳ್ಳಂದೂರಿನ ಕಡೆಗೆ ಇಳಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಈ ಕಣಿವೆಗಳು ಆಳವಾದುವಲ್ಲ, ಕಡಿದಾದುವೂ ಅಲ್ಲ. ತಗ್ಗು ದಿಣ್ಣೆಗಳು ಒಂದರೊಳಗೊಂದು ಕರಗಿದಂತೆ ನೆಲವು ಮೆಲ್ಲನೆ ಇಳಿಯುತ್ತದೆ.

ಹಿಮನದಿಯು ಹರಿದ ದೇಶಕ್ಕೆ ತನ್ನದೇ ಆದ ಲಕ್ಷಣಗಳುಂಟು. ಅಲ್ಲಿ ಕಣಿವೆಯು ತೊಟ್ಟಿಲಿನಂತೆ ತಳದಲ್ಲಿ ಅಗಲವಾಗಿಯೂ ಪಕ್ಕಗಳಲ್ಲಿ ಕಡಿದಾಗಿಯೂ ಇರುವುದು. ಹಾಸುಬಂಡೆಗಳ ಮೇಲೆ ಒಂದೇ ದಿಕ್ಕಿಗೆ ಎಳೆದ ಗೀರುಗಳಿರುವುವು. ದೂರದಿಂದ ಹೊತ್ತು ತಂದ ಪರಕೀಯ ಕಲ್ಲುಗಳು ಚೆಲ್ಲಿರುವುವು. ಎಲ್ಲಕ್ಕಿಂತ ಮಿಗಿಲಾಗಿ, ಹಿಮವು ಕೊರೆದ ಹಳ್ಳಗಳಲ್ಲಿ ನೀರು ನಿಂತು ಸಹಜ ಸರೋವರಗಳು ಅಸಂಖ್ಯವಾಗಿ ಉಂಟಾಗುವುವು. ಫಿನ್ಲೆಂಡ್ ದೇಶವೊಂದರಲ್ಲಿಯೇ ಸಣ್ಣ ದೊಡ್ಡವು ಸೇರಿ ಸುಮಾರು ೧,೮೮,೦೦೦ ಸರೋವರಗಳನ್ನು ಎಣಿಸಿದ್ದಾರೆ. ಬೆಂಗಳೂರಿನ ಸೀಮೆಯಲ್ಲಿ ಅಂತಹ ಸಹಜ ಸರೋವರವು ಕಾಣದು. ಇಲ್ಲಿ ಇರುವುದೆಲ್ಲ ಕೆರೆ. ಕೆರೆಯೆಂದರೆ ಮನುಷ್ಯನು ತಗ್ಗಿಗೆ ಅಡ್ಡಲಾಗಿ ಏರಿ ಹಾಕಿ, ತೂಬು ಇಟ್ಟು, ಕೋಡಿ ಬಿಟ್ಟು ಕಟ್ಟಿದುದು. ಸುಮಾರು ೮೦ ಎಕರೆಯ ಸಾರಕ್ಕಿ ಕೆರೆಯೂ ಇದೇ ಜಾತಿಯದು. ಸಾರಕ್ಕಿಗೆ ಅನತಿದೂರದ ಅಗರದಲ್ಲಿ ಗಂಗರ ಕಾಲದ ಶಾಸನವು ಕೆರೆಗಳಿಗೆ ತೂಬು ಕಟ್ಟಿಸಿದ ಪುಣ್ಯಕಾರ್ಯವನ್ನು ಸ್ಮರಿಸುವುದೆಂಬುದು ಶಾಸನಾಭ್ಯಾಸಿಗಳಿಗೆ ತಿಳಿದ ವಿಷಯ. ಪ್ರಕೃತಿಯು ಕೊಡದ ಸರೋವರವನ್ನು ಪ್ರಜೆಗಳು ತಾವೇ ನಿರ್ಮಿಸಿಕೊಳ್ಳಬೇಕಾದುದರಿಂದಲೇ ಕೆರೆ ಕಟ್ಟಿಸುವುದು ನಮ್ಮಲ್ಲಿ ಧರ್ಮವೆನಿಸಿತು. ಈ ಅರ್ಥದಲ್ಲಿ ಪ್ರತಿಯೊಂದು ಕೆರೆಯೂ ಇಲ್ಲಿ ಹಿಮವು ಹರಿಯಲಿಲ್ಲವೆಂಬುದಕ್ಕೆ ಒಂದು ಸಾಕ್ಷಿ.

೩

ಹಿಮದ ಗುರುತೆಂದು ಭ್ರಮೆ ಹುಟ್ಟಿಸುವ ವಸ್ತುಗಳೂ ಇಲ್ಲಿ ಇಲ್ಲದಿಲ್ಲ. ಬಸವನಗುಡಿಯ ಕಹಳೆಬಂಡೆಯಲ್ಲಿ ಕಾಣುವ ದುಂಡು ಗುಂಡುಗಳನ್ನು ಯೂರೋಪಿನ ಪುಸ್ತಕಗಳ ಚಿತ್ರಗಳೊಡನೆ ಹೋಲಿಸಿದವನು ಅವು ಹಿಮನದಿ ತಂದಿಟ್ಟ ಕಲ್ಲುಗಳೆಂದು ಊಹಿಸಿದರೆ ಆಶ್ಚರ್ಯವಿಲ್ಲ. ವಾಸ್ತವವಾಗಿ ಅವು ಎಲ್ಲಿಂದಲೂ ಬಂದುವಲ್ಲ. ಬಂಡೆಯ ಬಿರುಕುಗಳಲ್ಲಿ ಮಳೆಯ ನೀರು ಇಳಿದು, ಮೂಲೆಗಳು ಮೊದಲು ಸಡಿಲಿ, ಸಿಪ್ಪೆ ಸುಲಿದಂತೆ ಪದರ ಪದರವಾಗಿ ಉದುರಿ, ಉಳಿದ ತಿರುಳು ದುಂಡಾಗಿದೆ. ತಳದ ಬಂಡೆಯೂ ಮೇಲಿನ ಗುಂಡೂ ಒಂದೇ ಕಲ್ಲು. ಈ ಶಿಲೆಗೆ ಮೈಸೂರು ಸಂಸ್ಥಾನದ ಭೂಗರ್ಭಶಾಸ್ತ್ರ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ಇಟ್ಟ ಪೆನಿನ್ಸುಲರ್ ನೈಸ್ ಎಂಬ ಹೆಸರೇ ಇಂದಿಗೂ ನಡೆದುಬಂದಿದೆ. ಲಾಲ್‌ಬಾಗಿನ ಬಂಡೆಯೂ ಇದೇ ಶಿಲೆ. ಅದರ ವಯಸ್ಸು ಸುಮಾರು ೩೦೦ ಕೋಟಿ ವರ್ಷ.

ಈ ವಿಷಯದಲ್ಲಿ ಅಗಾಸಿಸ್‌ನ ಚರಿತ್ರೆಯೇ ನಮಗೆ ಪಾಠವಾಗಬೇಕು. ಹಿಮಯುಗದ ವಾದವನ್ನು ಯೂರೋಪಿನಲ್ಲಿ ಸ್ಥಾಪಿಸಿದ ಆ ಮಹಾಪಂಡಿತನು ೧೮೬೫ರಲ್ಲಿ ಬ್ರೆಜಿಲಿಗೆ ಹೋದಾಗ ಅಲ್ಲಿಯೂ ದುಂಡು ಕಲ್ಲುಗಳನ್ನೂ ಕೆಂಪು ಮಣ್ಣನ್ನೂ ಕಂಡು, ಅಮೆಜಾನ್ ನದಿಯ ಕಣಿವೆಯಲ್ಲಿ ಮಹಾ ಹಿಮನದಿಯೊಂದು ಹರಿದಿತ್ತೆಂದು ಸಾರಿದನು. ಉಷ್ಣದೇಶದ ಮಳೆ ಬಿಸಿಲುಗಳು ಕಲ್ಲನ್ನು ಕೊಳೆಯಿಸುವ ರೀತಿಯು ಅನಂತರದ ಶೋಧಕರಿಗೆ ಸ್ಪಷ್ಟವಾದ ಮೇಲೆ ಆ ಮತವು ಬಿದ್ದುಹೋಯಿತು. ಒಂದು ದೇಶದಲ್ಲಿ ಸಿದ್ಧವಾದ ತತ್ತ್ವವನ್ನು ಇನ್ನೊಂದು ದೇಶದ ನೆಲವನ್ನು ಪರೀಕ್ಷಿಸದೆಯೇ ಅನ್ವಯಿಸುವುದರ ಅಪಾಯ ಎಷ್ಟೆಂಬುದು ಇದರಿಂದ ವಿದಿತವಾಗುತ್ತದೆ.

ಇಲ್ಲಿ ಒಂದು ಆಕ್ಷೇಪಣೆಗೆ ಸಮಾಧಾನ ಹೇಳಬೇಕಾಗಿದೆ. ಭಾರತದ ಬಯಲುಗಳಲ್ಲಿಯೂ ಹಿಮದ ಗುರುತುಗಳು ದೊರೆತಿಲ್ಲವೇ ಎಂದು ಕೇಳಬಹುದು. ದೊರೆತಿರುವುದು ನಿಜ. ಒರಿಸ್ಸದ ತಾಲ್ಚೇರಿನಲ್ಲಿ ಬ್ಲ್ಯಾನ್‌ಫರ್ಡ್ ಸಹೋದರರೂ ಥಿಯೋಬಾಲ್ಡನೂ ೧೮೫೬ರಲ್ಲಿ ಹಿಮವು ಸಾಗಿಸಿದ ಕಲ್ಲುಗಳ ಪದರವನ್ನು ಗುರುತಿಸಿದರು. ಚಿತ್ರದುರ್ಗದ ಸೀಮೆಯ ತಾಳ್ಯದ ಉಂಡೆಗಲ್ಲಿನ ಪದರವೂ ಹಿಮಸಂಬಂಧವಾದುದೆಂದು ೨೦೧೪ರಲ್ಲಿ ಕೆಲವರು ಪಂಡಿತರು ವಾದಿಸಿದ್ದಾರೆ. ಆದರೆ ತಾಲ್ಚೇರಿನ ಹಿಮವು ಸುಮಾರು ೩೦ ಕೋಟಿ ವರ್ಷಗಳಷ್ಟು ಹಿಂದಿನದು. ತಾಳ್ಯದ ಪದರವು ಸುಮಾರು ೨೭೦ ಕೋಟಿ ವರ್ಷಗಳಷ್ಟು ಪುರಾತನವಾದುದು. ಆಗ ಇಂದಿನ ನದಿಗಳೂ ಇರಲಿಲ್ಲ, ಕರಾವಳಿಯೂ ಇರಲಿಲ್ಲ. ಮಾನವನು ಕಂಡ ಹಿಮಯುಗವೆಂದರೆ ಸುಮಾರು ೨೧,೦೦೦ ವರ್ಷಗಳ ಹಿಂದೆ ತುತ್ತತುದಿಯನ್ನು ಮುಟ್ಟಿ ಕ್ರಮೇಣ ಇಳಿದುದು. ಆ ಕಾಲದಲ್ಲಿ ೨,೬೩೭ ಮೀಟರು ಎತ್ತರದ ದೊಡ್ಡಬೆಟ್ಟದ ನೆತ್ತಿಯಲ್ಲಿಯೂ ಹಿಮನದಿಯಿರಲಿಲ್ಲ. ಹೆಸರು ಒಂದೇ ಆದ ಮಾತ್ರಕ್ಕೆ ಕಾಲಗಳನ್ನು ಬೆರಸಬಾರದು.

೪

ಹಾಗಾದರೆ ಆ ಹಿಮಯುಗಕ್ಕೂ ನಮ್ಮ ನಾಡಿಗೂ ಸಂಬಂಧವೆಂತು? ಉತ್ತರವು ಸಮುದ್ರದಲ್ಲಿದೆ. ಭೂಮಿಯ ಮೇಲಣ ನೀರಿನ ಮೊತ್ತವು ಒಂದೇ. ಅದರಲ್ಲಿ ಒಂದು ಭಾಗವು ಹಿಮವಾಗಿ ನೆಲದ ಮೇಲೆ ಕಟ್ಟಿನಿಂತರೆ ಅಷ್ಟುಮಟ್ಟಿಗೆ ಕಡಲು ತಗ್ಗಲೇಬೇಕು. ಈ ಸರಳವಾದ ಲೆಕ್ಕವನ್ನು ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕ್ಲಾರೆನ್ ಎಂಬಾತನು ೧೮೪೧-೪೨ರಷ್ಟು ಹಿಂದೆಯೇ, ಅಗಾಸಿಸ್‌ನ ಗ್ರಂಥವನ್ನು ವಿಮರ್ಶಿಸುತ್ತ ಎತ್ತಿ ತೋರಿದ್ದನು. ಉತ್ತರ ಅಮೆರಿಕದ ಮೇಲೂ ಯೂರೋಪಿನ ಉತ್ತರಭಾಗದ ಮೇಲೂ ಹಿಮವು ಪೂರ್ಣವಾಗಿ ಕವಿದಿದ್ದಾಗ ಜಗತ್ತಿನ ಸಮುದ್ರಮಟ್ಟವು ಇಂದಿಗಿಂತ ಸುಮಾರು ೧೨೦ರಿಂದ ೧೩೦ ಮೀಟರು ಕೆಳಗಿತ್ತೆಂದು ಈಗ ನಿರ್ಣಯವಾಗಿದೆ.

ನಮ್ಮ ಪಶ್ಚಿಮ ಸಮುದ್ರದ ತಳವು ತೀರದಿಂದ ಬಹುದೂರದವರೆಗೆ ಮೆಲ್ಲನೆ ಇಳಿಯುವ ಹಾಸಿನಂತಿದೆ. ಕಡಲು ತಗ್ಗಿದಾಗ ಈ ಹಾಸು ನೆಲವಾಯಿತು. ತೀರವು ಹಲವು ಹತ್ತು ಕಿಲೋಮೀಟರು ಪಶ್ಚಿಮಕ್ಕೆ ಸರಿಯಿತು. ಇದು ಬರಿಯ ಊಹೆಯಲ್ಲ. ಗೋವೆಯಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಶೋಧಕರು ಈ ಮುಳುಗಿದ ಹಾಸಿನಿಂದ ತೀರದಲ್ಲಿ ಮಾತ್ರ ಹುಟ್ಟಬಲ್ಲ ಸುಣ್ಣಕಲ್ಲು ಮುಂತಾದುವನ್ನು ಎತ್ತಿ, ಇಂಗಾಲದ ಕಾಲಗಣನೆಯಿಂದ ಅವುಗಳ ವಯಸ್ಸನ್ನು ನಿಶ್ಚಯಿಸಿದ್ದಾರೆ. ಹಾಷಿಮಿ ಮತ್ತು ಸಂಗಡಿಗರು ೧೯೯೫ರಲ್ಲಿ ಪ್ರಕಟಿಸಿದ ನಿರ್ಣಯದಂತೆ ಸುಮಾರು ೧೪,೫೦೦ ವರ್ಷಗಳ ಹಿಂದೆ ಪಶ್ಚಿಮ ಸಮುದ್ರವು ಇಂದಿಗಿಂತ ಸುಮಾರು ೧೦೦ ಮೀಟರು, ೧೨,೫೦೦ ವರ್ಷಗಳ ಹಿಂದೆ ಸುಮಾರು ೮೦ ಮೀಟರು ಕೆಳಗಿತ್ತು. ಅನಂತರ ಕೆಲವು ಕಾಲ ಅಲ್ಲಿಯೇ ತಡೆದು, ೧೦,೦೦೦ ವರ್ಷಗಳ ಹಿಂದಿನಿಂದ ವೇಗವಾಗಿ ಏರಿ, ಸುಮಾರು ೭,೦೦೦ ವರ್ಷಗಳ ಹಿಂದೆ ಇಂದಿನ ಮಟ್ಟದ ಸಮೀಪಕ್ಕೆ ಬಂದಿತು. ಈ ಏರಿಕೆಯೇ ದೂರದೇಶದ ಹಿಮನದಿಗಳ ಕರಗುವಿಕೆಯು ನಮ್ಮ ತೀರಕ್ಕೆ ತಂದ ವಾರ್ತೆ.

೫

ಈಗ ಅಘನಾಶಿನಿ, ಶರಾವತಿಗಳ ಕಣಿವೆಗಳನ್ನು ನೋಡೋಣ. ಅಘನಾಶಿನಿಯು ಶಿರಸಿಯ ಆಸುಪಾಸಿನಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ೧೧೬ ಮೀಟರು ಧುಮುಕಿ, ಸುಮಾರು ೧೨೦ ಕಿಲೋಮೀಟರು ಹರಿದು ತದಡಿಯ ಬಳಿ ಕಡಲನ್ನು ಸೇರುವುದು. ಶರಾವತಿಯು ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ ೨೫೩ ಮೀಟರು ಬಿದ್ದು, ಒಟ್ಟು ೧೨೮ ಕಿಲೋಮೀಟರು ನಡೆದು ಹೊನ್ನಾವರದಲ್ಲಿ ಕೊನೆಗಾಣುವುದು. ಇವೆರಡೂ ಉದ್ದದಲ್ಲಿ ಸಣ್ಣ ನದಿಗಳೇ. ಆದರೆ ಹೊನ್ನಾವರದಲ್ಲಿ ಶರಾವತಿಯನ್ನು ದಾಟಲು ಕೊಂಕಣ ರೈಲ್ವೆಯವರು ಎರಡು ಕಿಲೋಮೀಟರಿಗೂ ಮಿಕ್ಕ ಉದ್ದದ ಸೇತುವೆಯನ್ನು ಕಟ್ಟಬೇಕಾಯಿತು. ಆ ಮಾರ್ಗದಲ್ಲೆಲ್ಲ ಅತ್ಯಂತ ಉದ್ದವಾದುದು ಅದೇ. ೧೨೮ ಕಿಲೋಮೀಟರಿನ ನದಿಗೆ ಇಷ್ಟು ಅಗಲವಾದ ಬಾಯಿ ಎಲ್ಲಿಂದ ಬಂದಿತು?

ನದಿಯು ತಾನೇ ಇದನ್ನು ಅಗೆದುದಲ್ಲ. ಕಡಲು ತಗ್ಗಿದ್ದ ಕಾಲದಲ್ಲಿ ನದಿಯ ಇಳಿಜಾರು ಮುಂದಕ್ಕೆ ಚಾಚಿತು. ಇಂದಿನ ಹೊನ್ನಾವರ, ತದಡಿಗಳು ನದಿಯ ಮುಖಗಳಾಗಿರದೆ ಒಳನಾಡಿನ ಕಣಿವೆಯ ಸ್ಥಾನಗಳಾಗಿದ್ದುವು. ಅಲ್ಲಿ ನೀರು ಇಂದಿನ ಕಡಲಮಟ್ಟಕ್ಕಿಂತ ಕೆಳಕ್ಕೆ ತನ್ನ ಪಾತ್ರವನ್ನು ಕೊರೆಯಲು ಅವಕಾಶವಾಯಿತು. ಅನಂತರ ಹಿಮವು ಕರಗಿ ಕಡಲು ಏರಿದಾಗ ಉಪ್ಪುನೀರು ಆ ಕಣಿವೆಯನ್ನು ಹೊಕ್ಕು, ಪಕ್ಕದ ಹಳ್ಳಗಳಿಗೂ ಕವಲೊಡೆದು ತುಂಬಿತು. ಗುಡ್ಡದ ಸಾಲುಗಳು ಮೂತಿಗಳಾದುವು; ಸಣ್ಣ ದಿಣ್ಣೆಗಳು ನಡುಗಡ್ಡೆಗಳಾದುವು. ಹೀಗೆ ಮುಳುಗಿದ ಕಣಿವೆಯನ್ನೇ ಕರಾವಳಿಯ ಜನರು ಅಳಿವೆಯೆಂದು ಕರೆಯುವುದು. ಕಡಲು ನಿಂತ ಮೇಲೆ ನದಿಯು ತಂದ ಮಣ್ಣು ಆಳವನ್ನು ತುಂಬತೊಡಗಿತು; ಅಲೆಗಳು ತಂದ ಮರಳು ಬಾಯಿಗೆ ಅಡ್ಡಲಾಗಿ ದಿಬ್ಬವನ್ನಿಟ್ಟಿತು. ಕಾಳಿ, ಗಂಗಾವಳಿ, ನೇತ್ರಾವತಿಗಳ ಮುಖಗಳಲ್ಲಿಯೂ ಇದೇ ಕ್ರಮವನ್ನು ಕಾಣಬಹುದು. ಮಿನ್ನೆಸೋಟದಲ್ಲಿ ಕರಗಿದ ಹಿಮವು ಕಣಿವೆಯನ್ನು ಕೊರೆಯಿತು; ಅದೇ ಹಿಮವು ಸಮುದ್ರದ ಮೂಲಕ ಬಂದು ನಮ್ಮ ಕಣಿವೆಗಳನ್ನು ತುಂಬಿತು.

ಸಮುದ್ರದೊಡನೆ ಮಳೆಯೂ ಮಾರ್ಪಟ್ಟಿತೆಂಬುದನ್ನು ಮರೆಯಬಾರದು. ನೀಲಗಿರಿಯ ಜೌಗುಗಳಲ್ಲಿ ಸಾವಿರಾರು ವರ್ಷಗಳಿಂದ ಪದರಗಟ್ಟಿದ ಸಸ್ಯಾವಶೇಷಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಪರೀಕ್ಷಿಸಿ ೧೯೯೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹಿಮಯುಗದ ತುದಿಯಲ್ಲಿ ಅಲ್ಲಿ ಒಣಹವೆಗೆ ಒಗ್ಗಿದ ಹುಲ್ಲು ಹೆಚ್ಚಾಗಿತ್ತೆಂದೂ, ಹಿಮವು ಕರಗಿದಂತೆ ಮುಂಗಾರು ಬಲಗೊಂಡು ಸುಮಾರು ೧೦,೦೦೦ ವರ್ಷಗಳ ಹಿಂದೆ ತೇವವು ಅತಿಶಯವಾಯಿತೆಂದೂ ಅದರಿಂದ ತಿಳಿಯುತ್ತದೆ. ನೀಲಗಿರಿಯ ಆ ನೀರು ಮೋಯಾರು, ಭವಾನಿಗಳ ಮೂಲಕ ಕಾವೇರಿಗೆ ಸೇರತಕ್ಕದ್ದು. ಕಾರವಾರದ ಎದುರಿನ ಕಡಲತಳದಿಂದ ಎತ್ತಿದ ಕೆಸರಿನಲ್ಲಿರುವ ಪರಾಗವನ್ನು ಎಣಿಸಿದ ಕರಾತಿನಿ ಮುಂತಾದವರು, ಸುಮಾರು ೩,೫೦೦ ವರ್ಷಗಳ ಹಿಂದಿನಿಂದ ಅಲ್ಲಿ ತೇವವು ಕಡಮೆಯಾಯಿತೆಂದು ೧೯೯೪ರಲ್ಲಿ ತೋರಿಸಿದರು. ಆದುದರಿಂದ ಘಟ್ಟದ ಮೇಲಿನ ಕಣಿವೆಗಳಿಗೂ ಹಿಮಯುಗದ ಪ್ರಭಾವವು ಮುಟ್ಟದೆ ಇರಲಿಲ್ಲ. ಆದರೆ ಅಲ್ಲಿ ಅದು ನದಿಗೆ ನೀರನ್ನು ಹೆಚ್ಚು ಕಡಮೆ ಮಾಡಿತೇ ಹೊರತು ಕಣಿವೆಯ ಆಕಾರವನ್ನೇ ಬದಲಿಸಲಿಲ್ಲ. ಗಟ್ಟಿಯಾದ ನೈಸ್ ಶಿಲೆಯು ಸವೆಯುವುದು ಬಹು ನಿಧಾನ.

೬

ಇತಿಹಾಸಾಭ್ಯಾಸಿಗಳಿಗೆ ಈ ವಿಷಯವು ಏಕೆ ಮುಖ್ಯವೆಂಬುದನ್ನು ಈಗ ಹೇಳಬೇಕು. ಕರಾವಳಿಯ ರಾಜ್ಯಗಳ ಐಶ್ವರ್ಯಕ್ಕೆ ಮೆಣಸು, ಅಕ್ಕಿಗಳ ವ್ಯಾಪಾರವೂ, ವ್ಯಾಪಾರಕ್ಕೆ ಬಂದರುಗಳೂ ಆಧಾರವಾಗಿದ್ದುವು. ಈ ಬಂದರುಗಳು ಬಹುಮಟ್ಟಿಗೆ ತೆರೆದ ಕಡಲಿನ ಮೇಲಲ್ಲ, ಅಳಿವೆಗಳ ಒಳಗೆ ಇದ್ದುವು. ೧೪ನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತನು ಅದು ದೊಡ್ಡ ಹಡಗುಗಳು ಒಳಬರುವ ಹಿನ್ನೀರಿನ ದಡದಲ್ಲಿದೆಯೆಂದು ಬರೆದಿದ್ದಾನೆ. ಶಾಸನಗಳಲ್ಲಿ ನಗಿರೆಯೆಂದು ಹೆಸರಾದ ಗೇರುಸೊಪ್ಪೆಯು ಕಡಲಿನಿಂದ ಸುಮಾರು ೩೦ ಕಿಲೋಮೀಟರು ಒಳಗಿದೆ. ಘಟ್ಟದ ಬುಡದವರೆಗೂ ದೋಣಿಗಳು ಹೋಗಬಹುದಾಗಿದ್ದುದರಿಂದಲೇ ಅಲ್ಲಿ ಚತುರ್ಮುಖ ಬಸದಿಯಂತಹ ಭವ್ಯ ನಿರ್ಮಾಣಗಳನ್ನು ಎತ್ತಬಲ್ಲ ವರ್ತಕರೂ ರಾಜರೂ ನೆಲೆಸಿದರು. ಆಳುಪರ ರಾಜಧಾನಿಯಾಗಿದ್ದ ಬಾರಕೂರೂ, ೧೬೬೫ರಲ್ಲಿ ಶಿವಾಜಿಯು ಸೂರೆಗೈದ ಬಸರೂರೂ ಹೀಗೆಯೇ ಒಳನೀರಿನ ಪಟ್ಟಣಗಳು. ಕಡಲು ಹಿಮಯುಗದ ಮಟ್ಟದಲ್ಲಿಯೇ ಉಳಿದಿದ್ದರೆ ಈ ಊರುಗಳೆಲ್ಲ ತೀರದಿಂದ ಬಹುದೂರದ ಕಣಿವೆಗ್ರಾಮಗಳಾಗಿರುತ್ತಿದ್ದುವು. ರಾಜವಂಶಗಳ ಚರಿತ್ರೆಯನ್ನು ಬರೆಯುವವರು ಆ ಚರಿತ್ರೆ ನಡೆದ ರಂಗಸ್ಥಳವನ್ನು ಯಾರು ಸಿದ್ಧಪಡಿಸಿದರೆಂಬುದನ್ನೂ ಲಕ್ಷ್ಯಕ್ಕೆ ತಂದುಕೊಳ್ಳಬೇಕು.

ಇನ್ನು ಪರಶುರಾಮಕ್ಷೇತ್ರದ ಕಥೆ. ಭಾರ್ಗವರಾಮನು ಕೊಡಲಿಯನ್ನು ಬೀಸಿ ಸಮುದ್ರವನ್ನು ಹಿಂದಕ್ಕೆ ಸರಿಸಿ ಸಹ್ಯಾದ್ರಿಯ ಬುಡದಲ್ಲಿ ಹೊಸ ನೆಲವನ್ನು ಪಡೆದನೆಂದು ಸಹ್ಯಾದ್ರಿಖಂಡವೂ, ತುಳುನಾಡಿನ ಗ್ರಾಮಪದ್ಧತಿಯೂ, ಮಲೆಯಾಳದ ಕೇರಳೋತ್ಪತ್ತಿಯೂ ತಮ್ಮ ತಮ್ಮ ರೀತಿಯಲ್ಲಿ ಹೇಳುತ್ತವೆ. ರಘುವಂಶದ ನಾಲ್ಕನೆಯ ಸರ್ಗದಲ್ಲಿಯೇ ಇದರ ಸೂಚನೆಯಿರುವುದರಿಂದ ಕಥೆಯು ಕಾಳಿದಾಸನಿಗಿಂತ ಪ್ರಾಚೀನವಾದುದೆಂಬುದು ನಿರ್ವಿವಾದ. ಇದನ್ನು ಹಿಮಯುಗದ ಸ್ಮೃತಿಯೆಂದು ಕೆಲವರು ವ್ಯಾಖ್ಯಾನಿಸುವುದುಂಟು. ಆದರೆ ಹಿಮವು ಕರಗಿದಾಗ ಕಡಲು ಮುಂದಕ್ಕೆ ಬಂದಿತೇ ಹೊರತು ಹಿಂದಕ್ಕೆ ಸರಿಯಲಿಲ್ಲ. ನೆಲವು ಮುಳುಗಿತೇ ಹೊರತು ಏಳಲಿಲ್ಲ. ಕಥೆಯ ದಿಕ್ಕೂ ಘಟನೆಯ ದಿಕ್ಕೂ ಪರಸ್ಪರ ವಿರುದ್ಧವಾಗಿವೆ. ಮೇಲಾಗಿ ೭,೦೦೦ ವರ್ಷವೆಂದರೆ ತಲೆಮಾರಿಗೆ ೨೫ ವರ್ಷದಂತೆ ೨೮೦ ತಲೆಮಾರು. ಅಷ್ಟು ಕಾಲ ನೆನಪು ಉಳಿದುಬಂದಿತೆನ್ನಲು ಪ್ರಮಾಣ ಬೇಕು.

ಹಾಗೆಂದು ಕಥೆಯು ನಿರಾಧಾರವೆಂದು ತಳ್ಳಬೇಕಾಗಿಯೂ ಇಲ್ಲ. ಕಡಲು ನಿಂತ ಮೇಲೆ ನಡೆದುದನ್ನು ಮೇಲೆ ಹೇಳಿದೆ: ಅಳಿವೆಯಲ್ಲಿ ಮಣ್ಣು ತುಂಬಿತು, ಮರಳುದಿಬ್ಬ ಎದ್ದಿತು. ಆ ಮಣ್ಣಿಗೆ ಮನುಷ್ಯನು ಕಟ್ಟೆ ಹಾಕಿ ಉಪ್ಪುನೀರನ್ನು ಹೊರಗಿಟ್ಟು ಗದ್ದೆ ಮಾಡಿದನು. ಅಘನಾಶಿನಿಯ ದಡದ ಗಜನಿ ಭೂಮಿಗಳು ಇಂತಹವೇ. ಉಪ್ಪನ್ನು ತಾಳುವ ಕಗ್ಗ ಎಂಬ ಬತ್ತವನ್ನು ಅಲ್ಲಿ ಬೆಳೆಯುತ್ತಾರೆ. ಕಡಲಿನಿಂದ ನೆಲವನ್ನು ಕಿತ್ತುಕೊಳ್ಳುವುದು ಕರಾವಳಿಯ ರೈತನಿಗೆ ಪುರಾಣವಲ್ಲ, ವರ್ಷವರ್ಷದ ಕೆಲಸ. ಪರಶುರಾಮನ ಕಥೆಯಲ್ಲಿ ಈ ಅನುಭವವು ದೇವಕಾರ್ಯದ ರೂಪವನ್ನು ತಾಳಿದೆಯೆಂದು ಭಾವಿಸುವುದೇ ಹೆಚ್ಚು ಯುಕ್ತವೆಂದು ನಮ್ಮ ಮತ. ಹೀಗೆ ತಿಳಿದರೆ ಕಥೆಯ ಗೌರವವೂ ಉಳಿಯುವುದು, ಭೂಶಾಸ್ತ್ರದ ಪ್ರಮಾಣಕ್ಕೂ ಭಂಗ ಬಾರದು.

೭

ಮೇಲ್ಕಂಡ ವಿಚಾರದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಘಟ್ಟದ ಮೇಲೆ ಹಿಮವು ಸರೋವರಗಳನ್ನು ಕೊರೆಯಲಿಲ್ಲ. ಆ ಕೊರತೆಯನ್ನು ಕೆರೆಗಳಿಂದ ತುಂಬಿಕೊಂಡೆವು. ಘಟ್ಟದ ಕೆಳಗೆ ಕರಗಿದ ಹಿಮದ ನೀರು ಕಣಿವೆಗಳನ್ನು ಮುಳುಗಿಸಿತು. ಆ ಅಳಿವೆಗಳಲ್ಲಿ ಬಂದರುಗಳನ್ನೂ ಗದ್ದೆಗಳನ್ನೂ ಮಾಡಿಕೊಂಡೆವು. ಒಂದು ಕಡೆ ಇಲ್ಲದುದನ್ನು ಕಟ್ಟಿಕೊಂಡುದು, ಇನ್ನೊಂದು ಕಡೆ ತಾನಾಗಿ ಬಂದುದನ್ನು ಪಳಗಿಸಿಕೊಂಡುದು: ನಾಡಿನ ನಾಗರಿಕತೆಯ ಎರಡು ಮುಖಗಳಿವು.

ಇವೆರಡೂ ಇಂದು ನಿಶ್ಚಿಂತವಾಗಿಲ್ಲ. ಸಾರಕ್ಕಿ ಕೆರೆಯ ಅಂಗಳದ ಒತ್ತುವರಿಯನ್ನು ೨೦೧೫ರಲ್ಲಿ ಸರ್ಕಾರವು ತೆರವುಮಾಡಿಸಬೇಕಾಯಿತು. ಅಘನಾಶಿನಿಯ ಅಳಿವೆಯು ೨೦೨೪ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿ ಜಗತ್ತಿನ ಮನ್ನಣೆಯನ್ನು ಪಡೆದಿರುವುದು ಸಂತೋಷದ ವಿಷಯ. ಆದರೆ ಉಳಿದಿರುವ ಹಿಮವು ಈಗಲೂ ಕರಗುತ್ತಿದೆ. ಕಾದ ಕಡಲು ಹಿಗ್ಗುವುದೂ ಸೇರಿ ೧೯೦೦ರಿಂದೀಚೆಗೆ ಜಗತ್ತಿನ ಸಮುದ್ರಮಟ್ಟವು ಸುಮಾರು ೨೦ ಸೆಂಟಿಮೀಟರು ಏರಿದೆ. ಹಿಂದಿನ ಏರಿಕೆಯೊಡನೆ ಹೋಲಿಸಿದರೆ ಇದು ಅಲ್ಪವೆನಿಸಬಹುದು. ಗಜನಿಯ ಕಟ್ಟೆಯ ಎತ್ತರಕ್ಕೆ ಹೋಲಿಸಿದರೆ ಅಲ್ಪವಲ್ಲ.

ನಮ್ಮ ಪಾಠಶಾಲೆಗಳಲ್ಲಿ ಹಿಮಯುಗವನ್ನು ಬೋಧಿಸುವವರು ಆಲ್ಪ್ಸ್ ಪರ್ವತದ ಉದಾಹರಣೆಯ ಜೊತೆಗೆ ಹೊನ್ನಾವರದ ಸೇತುವೆಯನ್ನೂ ಸಾರಕ್ಕಿಯ ಏರಿಯನ್ನೂ ಹೆಸರಿಸುವುದಾದರೆ ವಿಷಯವು ವಿದ್ಯಾರ್ಥಿಗೆ ತನ್ನದಾಗುವುದು. ಸ್ಥಳಪುರಾಣ, ಶಾಸನ, ಭೂಶಾಸ್ತ್ರ ಇವು ಮೂರನ್ನೂ ಒಟ್ಟಿಗೆ ಇಟ್ಟು ಒಂದೊಂದು ನದೀಮುಖದ ಚರಿತ್ರೆಯನ್ನು ಬರೆಯುವ ಕೆಲಸವು ಇನ್ನೂ ಆಗಬೇಕಾಗಿದೆ. ಆಯಾ ಪ್ರಾಂತದ ವಿದ್ವಾಂಸರು ಅದಕ್ಕೆ ಮನಸ್ಸು ಕೊಡಬೇಕೆಂದು ಪ್ರಾರ್ಥನೆ.